ಡಬ್ಬಿ ಅಕ್ಕ ತುಂಬಿಸದೆ ಬಿಟ್ಟ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಕನ್ನಡಕವನ್ನು ಹಣೆಗೇರಿಸಿ, ಗಿರಾಕಿಯ ಮೊಬೈಲನ್ನು ಮೂಗಿನ ಹತ್ತಿರ ಹಿಡಿದಿದ್ದಾರೆ. ಗಿರಾಕಿ ಸಮವಸ್ತ್ರ ಹಾಕಿದ ಕಾವಲುಗಾರ. ಪಾಳಿಗೆ ಹೊತ್ತಾಯಿತೆಂದು ನಿಂತಲ್ಲೇ ಕಾಲು ಬದಲಾಯಿಸುತ್ತಿದ್ದಾನೆ. ಪತ್ರಿಕೆಗೆ ಈ ಅಂಗಡಿಯ ಬಗ್ಗೆ ಬರೆಯಲು ಬಂದ ನಾನು ಬೆಂಚಿನ ಮೇಲೆ ಕೂತಿದ್ದೇನೆ.

“ಅಕ್ಕ, ರಜೆ ಕೇಳಿ ಸಾಹೇಬ್ರಿಗೆ ಮೇಲ್ ಹಾಕಿದ್ದೆ. ಮೊಬೈಲಲ್ಲಿ ಅರ್ಧ ಬರೆದು ಆಫೀಸ್ ಕಂಪ್ಯೂಟರಲ್ಲಿ ಮುಗಿಸ್ದೆ. ಅವ್ರಿಗೆ ಬರೀ ಡಬ್ಬಿ ಡಬ್ಬಿ ಹೋಗಿದೆ.”

“ರಜೆ ಸಿಕ್ತಾ?”

“ಸಿಕ್ತು.”

“ಮತ್ತೆ ಯಾಕೆ ಸರಿ ಮಾಡಿಸ್ತೀಯ? ಹಾಗೇ ಇರ್ಲಿ ಬಿಡು. ಓದಕ್ಕಾಗಿದ್ರೆ ಕೊಡ್ತಿರಲಿಲ್ಲ.”

ಹೀಗೆ ಡಬ್ಬಿ ಡಬ್ಬಿ ಎಂದು ಬರುವವರಿಂದಲೇ ಇವರಿಗೆ ಡಬ್ಬಿ ಅಕ್ಕ ಎಂಬ ಹೆಸರು ಅಂಟಿದೆ. ಒಂದು ಯಂತ್ರದಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸಿದ ಪತ್ರಗಳು ನಡುವೆ ಎಲ್ಲೋ ಕಲಸಿಹೋಗುತ್ತವೆ. ಅಕ್ಷರ ಇರಬೇಕಾದ ಕಡೆ ಚೌಕ, ಗೀಚು, ಪ್ರಶ್ನೆ ಗುರುತು. ಅವನ್ನು ಬಿಡಿಸಿ ಮತ್ತೆ ಓದುವಂತೆ ಮಾಡುವುದು ಅಕ್ಕನ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಗುವಿನ ಶಾಲೆಯ ಅರ್ಜಿ ಒಂದು ದಿನ ಚೌಕಗಳಾಗಿ ಹೋಗಲಿ, ಆಮೇಲೆ ಮಾತಾಡೋಣ.

ಅಕ್ಕ ಮೊದಲು ಮುದ್ರಣಾಲಯವೊಂದರಲ್ಲಿ ಅಕ್ಷರ ಜೋಡಿಸುತ್ತಿದ್ದರು. ಗಂಡ ಅಲ್ಲೇ ಯಂತ್ರ ನಡೆಸುತ್ತಿದ್ದರು. ಯಂತ್ರದ ಸದ್ದು ಅವರ ಕಿವಿಯನ್ನು ಪೂರ್ತಿ ತಿಂದುಹಾಕಿತು. ಆಮೇಲೆ ಮುದ್ರಣಾಲಯವೂ ಬಾಗಿಲು ಹಾಕಿತು. ಈಗ ಅವರು ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಾರೆ, ಅಕ್ಕ ಅಂಗಡಿ ನೋಡಿಕೊಳ್ಳುತ್ತಾರೆ. “ನಮ್ಮನೇಲಿ ಜಗಳಾನೂ ಬರೆದೇ ಆಡಬೇಕು” ಎನ್ನುತ್ತಾರೆ ಅಕ್ಕ. “ಬರೆಯೋಷ್ಟರಲ್ಲಿ ಸಿಟ್ಟು ಇಳಿದಿರುತ್ತೆ. ಆದ್ರೆ ಒಂದು ಅಕ್ಷರ ತಪ್ಪಿದ್ರೆ ಅವ್ರು ಮುಖ ನೋಡ್ಕೊಂಡು ಸುಮ್ನೆ ಕೂತ್ಬಿಡ್ತಾರೆ. ಅದು ನೋಡಕ್ಕಾಗಲ್ಲ.” ಪರದೆ ದಿಟ್ಟಿಸಿ ದಿಟ್ಟಿಸಿ ಅಕ್ಕನ ಕಣ್ಣಲ್ಲಿ ಸದಾ ನೀರು. ಕತ್ತು ಎಡಕ್ಕೆ ತಿರುಗುವುದಿಲ್ಲ. ಎಡಗಡೆ ನಿಂತ ಗಿರಾಕಿಯನ್ನು ನೋಡಲು ಸ್ಟೂಲಿನ ಸಮೇತ ತಿರುಗುತ್ತಾರೆ.

ಕಾವಲುಗಾರ ಹೋದ ಮೇಲೆ ಒಬ್ಬರು ಒಳಗೆ ಬರುತ್ತಾರೆ. ನಲ್ಲಿ, ಪೈಪು ರಿಪೇರಿಯವರು. ಉಗುರಿನ ಸಂದಿಯಲ್ಲಿ ಕಪ್ಪು. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿಲ್ಲ. ಹೋದ ವಾರವೂ ಬಂದಿದ್ದರಂತೆ. ಅವರ ಕಥೆಯನ್ನು ಅವರೇ ಹೇಳುತ್ತಾರೆ, ಗೋಡೆ ನೋಡಿಕೊಂಡು.

ಕಾಯಿಲೆ ಶುರುವಾದಾಗಿನಿಂದ ಹೆಂಡತಿ ದೂರದ ಹಾಸ್ಟೆಲಿನಲ್ಲಿರುವ ಮಗಳಿಗೆ ಒಂದು ಉದ್ದದ ಮೇಲ್ ಬರೆಯುತ್ತಿದ್ದರು. ಶುರುವಿನದು ಮನೆಯ ಹಳೆ ಕಂಪ್ಯೂಟರಿನಲ್ಲಿ. ಆಸ್ಪತ್ರೆ ಸೇರಿದ ಮೇಲೆ ತನ್ನ ಮೊಬೈಲಿನಲ್ಲಿ. ಮೊಬೈಲ್ ಹಿಡಿಯುವುದೂ ಕಷ್ಟವಾದಾಗ ಅದನ್ನು ಆರಿಸಿ ಗಂಡನ ಕೈಗೆ ಕೊಟ್ಟು, ಕೊನೆಯ ಎರಡು ಸಾಲನ್ನು ನರ್ಸಮ್ಮನ ದೊಡ್ಡ ಟ್ಯಾಬಿನಲ್ಲಿ ಒತ್ತಿದ್ದರು. ಮೂರರಲ್ಲೂ ತೆರೆದದ್ದು ತಮ್ಮ ಒಂದೇ ಮೇಲ್ ಖಾತೆ. ಕಳಿಸಲಿಲ್ಲ. ಇನ್ನೂ ಸ್ವಲ್ಪ ಇದೆ, ಇನ್ನೂ ಸ್ವಲ್ಪ ಇದೆ ಎನ್ನುತ್ತಲೇ ಹೋದರು.

ಆಮೇಲೆ ಗಂಡ ದಿನಾ ಕೆಲಸದಿಂದ ಬಂದು, ಹಳೆ ಕಂಪ್ಯೂಟರಿನಲ್ಲಿ ಆ ಮೇಲನ್ನು ತೆರೆದು ಎದುರಿಗೆ ಕೂರುತ್ತಿದ್ದರು. ಅರ್ಧಕ್ಕರ್ಧ ಚೌಕಗಳು. ಆದರೂ ಕೂರುತ್ತಿದ್ದರು. ಮುಚ್ಚುವಾಗ ಕಂಪ್ಯೂಟರ್ ಕೇಳುತ್ತಿತ್ತು, ಉಳಿಸಬೇಕೆ?

“ಉಳಿಸಬೇಕಾ ಅಂದ್ರೆ ಬೇಡ ಅಂತ ಹೇಗೆ ಹೇಳೋದು? ಅವಳು ಬರೆದದ್ದಲ್ವಾ” ಎನ್ನುತ್ತಾರೆ. “ಹೌದು ಅಂತ ಒತ್ತುತ್ತಿದ್ದೆ.”

ಆ ಹಳೆ ಯಂತ್ರಕ್ಕೆ ಮೊಬೈಲಿನ ಅಕ್ಷರ ಗೊತ್ತಿಲ್ಲ. ಹೌದು ಎಂದು ಒತ್ತಿದಾಗ ಅದು ತನಗೆ ತಿಳಿಯದ ಅಕ್ಷರವನ್ನೆಲ್ಲ ಒರೆಸಿ ಅಲ್ಲಿ ಪ್ರಶ್ನೆ ಗುರುತು ಇಟ್ಟಿತು. ಇವರು ಉಳಿಸಲು ಒತ್ತಿದರು, ಅದು ಅಳಿಸಿತು. ಉಳಿಸಬೇಕೆ ಎಂಬ ಆ ಪ್ರಶ್ನೆಯನ್ನು ಅಲ್ಲಿಟ್ಟ ಪುಣ್ಯಾತ್ಮ ನನ್ನ ಕೈಗೆ ಸಿಗಬೇಕಿತ್ತು.

“ಡಬ್ಬಿ ಬಂದ್ರೆ ಒಳಗೆ ಅಕ್ಷರ ಇದೆ ಅಂತ. ಗೀಚು ಬಂದ್ರೂ ಇದೆ, ವೇಷ ಹಾಕಿದೆ ಅಷ್ಟೆ” ಎಂದು ಅಕ್ಕ ನನಗೆ ಬಿಡಿಸಿ ಹೇಳುತ್ತಾರೆ. “ಪ್ರಶ್ನೆ ಗುರುತು ಬಂತೋ, ಹೋಯ್ತು. ಯಾರ ಕೈಲೂ ಆಗಲ್ಲ.”

ಮಗಳು ರಜೆಗೆ ಬಂದು ನೋಡಿದ್ದಾಳೆ. “ನೀನೇ ಅಳಿಸಿದೆ ಅಪ್ಪ” ಎಂದವಳು ಅವತ್ತೇ ಹಾಸ್ಟೆಲಿಗೆ ಹೊರಟುಹೋದಳು. ಅಂದಿನಿಂದ ಅಪ್ಪನ ಫೋನ್ ಎತ್ತಿಲ್ಲ.

ಇವತ್ತು ಅವರು ಹೆಂಡತಿಯ ಮೊಬೈಲನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಾರೆ. ಆರಿಸಿದ ಮೇಲೆ ಯಾರೂ ಅದನ್ನು ಹಚ್ಚಿಲ್ಲ. ಅದರೊಳಗೆ ಹಾಳಾಗದ ಹಳೆ ಪ್ರತಿ ಉಳಿದಿರಬಹುದು. ಆದರೆ ನೆಟ್ ಸಿಕ್ಕಿದ ಕೂಡಲೇ ಹಾಳಾದ ಪ್ರತಿ ಇಳಿದು ಅದನ್ನು ನುಂಗಿಬಿಡುತ್ತದೆ. ಅಕ್ಕ ಸಿಮ್ ಕೀಳುತ್ತಾರೆ. ಅಂಗಡಿಯ ವೈಫೈ ತಂತಿಯನ್ನು ಗೋಡೆಯಿಂದ ಎಳೆದುಹಾಕುತ್ತಾರೆ. “ನಿಮ್ಮ ಫೋನೂ ಆರಿಸಿ ಸಾರ್” ಎಂದು ನನಗೂ ಗದರುತ್ತಾರೆ. ಮೊಬೈಲ್ ಹಚ್ಚುತ್ತಾರೆ.

ಮೇಲ್ ತೆರೆಯುತ್ತದೆ. ಅಕ್ಷರಗಳಿವೆ.

ಅಕ್ಕ ಏನನ್ನೂ ಒತ್ತುವುದಿಲ್ಲ. ಪರದೆಯನ್ನು ಬೆರಳ ತುದಿಯಿಂದ ಸರಿಸುತ್ತ ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಸಾಲನ್ನು ಜೋಡಿಸುತ್ತಾರೆ. ಹಳೆ ಕಂಪ್ಯೂಟರಿನಲ್ಲಿ ಬರೆದ ಶುರುವಿನ ಭಾಗ ಗೀಚಾಗಿದೆ. ಅದನ್ನು ಬಿಡಿಸಿ ಬರೆಯಲು ಹೊತ್ತು ಹಿಡಿಯುತ್ತದೆ. ರಿಪೇರಿಯವರು ಸುಮ್ಮನಿರಲಾಗದೆ ನಲ್ಲಿ ಎಲ್ಲಿದೆ ಎಂದು ಕೇಳಿ, ಅಂಗಡಿಯ ಹಿಂದಿನ ಸೋರುವ ನಲ್ಲಿಯನ್ನು ಸರಿಮಾಡಿ ಬರುತ್ತಾರೆ. ಬಂದಾಗ ಅಕ್ಕ ಓದಿ ಹೇಳುತ್ತಾರೆ:

“ನನ್ನ ಹಸಿರು ಸ್ವೆಟರ್ ನಿನಗೆ ದೊಡ್ಡದಾಗುತ್ತದೆ. ಆದರೂ ಯಾರಿಗೂ ಕೊಡಬೇಡ. ಸಿಟ್ಟು ಬಂದಾಗ ಊಟ ಬಿಡಬೇಡ, ಸಿಟ್ಟಿಗೂ ಶಕ್ತಿ ಬೇಕು. ಅಪ್ಪ ಕೆಮ್ಮಿದರೆ ಮೊದಲು ಕಿಟಕಿ ಮುಚ್ಚು, ಔಷಧಿ ಆಮೇಲೆ.”

ಅವರು ಟವೆಲಿನಿಂದ ಕೈ ಒರೆಸುತ್ತಲೇ ಇದ್ದಾರೆ. ಕೈ ಒಣಗಿ ಎಷ್ಟೋ ಹೊತ್ತಾಗಿದೆ.

ನರ್ಸಮ್ಮನ ಟ್ಯಾಬಿನಲ್ಲಿ ಬರೆದ ಕೊನೆಯ ಎರಡು ಸಾಲು ಮಾತ್ರ ಈ ಮೊಬೈಲಿಗೆ ಬಂದಿಲ್ಲ. ಟ್ಯಾಬಿನಲ್ಲೂ ಉಳಿದಿಲ್ಲವೆಂದು ಅಕ್ಕ ಹೋದ ವಾರವೇ ಆಸ್ಪತ್ರೆಗೆ ಹೋಗಿ ನೋಡಿಬಂದಿದ್ದಾರೆ. ಇರುವುದು ಹಾಳಾದ ಪ್ರತಿಯಲ್ಲಿ, ಪ್ರಶ್ನೆ ಗುರುತುಗಳಾಗಿ. ಪದಗಳ ನಡುವಿನ ಜಾಗ ಹಾಗೇ ಇದೆ. ಎಷ್ಟು ಪದವೆಂದು ಎಣಿಸಬಹುದು, ಯಾವ ಪದವೆಂದು ತಿಳಿಯುವುದಿಲ್ಲ.

“ಅದನ್ನ ನೀವೇ ಬರೆದುಬಿಡಿ ಅಕ್ಕ” ಎನ್ನುತ್ತಾರೆ ಅವರು, ತಗ್ಗಿದ ದನಿಯಲ್ಲಿ. “ಅವಳು ಹೇಗೆ ಬರೀತಾಳೆ ಅಂತ ಈಗ ನಿಮಗೂ ಗೊತ್ತಾಯ್ತಲ್ಲ. ಅಪ್ಪನ ಹತ್ರ ಮಾತಾಡ್ತಾ ಇರು ಅಂತ ಹಾಕಿ. ಅಷ್ಟು ಸಾಕು ನಂಗೆ.”

“ಅಣ್ಣ, ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ.”

ಬರೆದರೆ ಯಾರ ಗಂಟು ಹೋಗುತ್ತದೆ ಎಂದು ನಾನು ಬಾಯಿ ಹಾಕುತ್ತೇನೆ. ಅಕ್ಕ ಸ್ಟೂಲಿನ ಸಮೇತ ನನ್ನತ್ತ ತಿರುಗುತ್ತಾರೆ. “ನೀವು ಪೇಪರಿನವ್ರು ಸಾರ್, ಖಾಲಿ ಜಾಗ ಕಂಡ್ರೆ ನಿಮಗೆ ತಡೆಯಲ್ಲ. ನಾನು ಒಂದು ಪದ ಸೇರಿಸಿದ್ರೆ ಆ ಹುಡುಗಿ ಮೇಲಿಂದ ಕೆಳಗೆ ಎಲ್ಲಾನೂ ಅನುಮಾನದಿಂದ ಓದ್ತಾಳೆ. ಸ್ವೆಟರ್ ಕೂಡ.”

ಪ್ರಶ್ನೆ ಗುರುತುಗಳನ್ನು ಹಾಗೆಯೇ ಬಿಟ್ಟು, ವೈಫೈ ತಂತಿ ಮತ್ತೆ ಸಿಕ್ಕಿಸಿ, ಅಕ್ಕ ಎಲ್ಲವನ್ನೂ ಮಗಳಿಗೆ ಕಳಿಸುತ್ತಾರೆ. ಹಾಳಾದದ್ದು ಹೇಗೆಂದು ಕೆಳಗೆ ನಾಲ್ಕು ಸಾಲು ಬರೆದು ತಮ್ಮ ನಂಬರನ್ನೂ ಹಾಕುತ್ತಾರೆ. ಅಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಇಬ್ಬರು ಗಿರಾಕಿಗಳು ಬಂದು ಹೋಗುತ್ತಾರೆ. ಅಪ್ಪ ಏಳುವುದಿಲ್ಲ.

ಫೋನ್ ಬರುತ್ತದೆ. ಹುಡುಗಿಯ ದನಿ ನನಗೂ ಕೇಳಿಸುತ್ತದೆ. “ಆಂಟಿ, ಇದ್ರಲ್ಲಿ ನೀವೇನಾದ್ರೂ ಸೇರಿಸಿದ್ದೀರಾ?”

“ಇಲ್ಲ ಮಗಳೇ. ಇರೋದೆಲ್ಲ ನಿಮ್ಮಮ್ಮಂದೇ. ಇಲ್ಲದ್ದನ್ನ ಇಲ್ಲ ಅಂತಾನೇ ಬಿಟ್ಟಿದ್ದೀನಿ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, “ಅಪ್ಪ ಅಲ್ಲೇ ಇದ್ದಾರಾ?”

ಅಕ್ಕ ಫೋನನ್ನು ಅವರ ಕೈಗೆ ಕೊಟ್ಟು, ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬರುತ್ತಾರೆ. ಒಳಗೆ ಆ ಮನುಷ್ಯ ಫೋನ್ ಕಿವಿಗೊತ್ತಿಕೊಂಡು ಬರೀ ತಲೆಯಾಡಿಸುತ್ತಿದ್ದಾರೆ, ಅವಳಿಗೆ ಕಾಣುವುದೇನೋ ಎಂಬಂತೆ. ಬಸ್ಸಿನಿಂದ ಇಳಿದ ಹೆಂಗಸೊಬ್ಬರು ಲ್ಯಾಪ್‌ಟಾಪ್ ಅವುಚಿಕೊಂಡು ಅವಸರದಿಂದ ಬರುತ್ತಾರೆ.

“ಅಂಗಡಿ ತೆಗೆದಿಲ್ವಾ ಅಕ್ಕ?”

“ತೆಗೆದಿದೆ” ಎನ್ನುತ್ತಾರೆ ಅಕ್ಕ, ಬಾಗಿಲಿಗೆ ಅಡ್ಡ ನಿಂತು. “ಸ್ವಲ್ಪ ತಡೀರಿ. ಒಳಗೆ ಅಪ್ಪ ಮಗಳು ಮಾತಾಡ್ತಿದ್ದಾರೆ.”