ಮದ್ದೂರಿನ ಹಳೇ ಮನೆಗೆ ನಾನು ಹಾಕಿಸಿದ ಒಳಗಾಜು

ಮದ್ದೂರಿಗೆ ಬಂದ ಮೊದಲ ಬೆಳಿಗ್ಗೆ, ಬೀದಿಯಲ್ಲಿ ಯಾರೋ ಯಾರನ್ನೋ ಕೊಲ್ಲುತ್ತಿದ್ದಾರೆ ಅಂದುಕೊಂಡು ಹಾಸಿಗೆಯಿಂದ ಎದ್ದು ಬಾಗಿಲಿಗೆ ಓಡಿದೆ. "ಎಲ್ಲಿಗ್ ಹಾಳಾಗೋಗಿದ್ದೆ ಲೇ? ಬತ್ತೀನಿ ಅಂದೋನು ಬರಬ್ಯಾಡ್ವೇನ್ಲಾ?" ಎಂದು ಒಬ್ಬ ಅರಚುತ್ತಿದ್ದ. "ಬಂದಿವ್ನಿ ಬುಡ್ಲಾ!" ಎಂದು ಇನ್ನೊಬ್ಬ ಅದಕ್ಕಿಂತ ಜೋರಾಗಿ. ನಾನು ಚಿಲಕ ತೆಗೆಯುವಷ್ಟರಲ್ಲಿ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಟೀ ಅಂಗಡಿಯ ಕಡೆ ಹೊರಟಿದ್ದರು. ಅದು ಜಗಳವಲ್ಲ, ಪ್ರೀತಿ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ನಮ್ಮ ವಿಜಯಪುರದ ಕಡೆ ಹೊಡೆದಾಡುವಾಗಲೂ ಮಾತಿನ ಕೊನೆಗೆ ಒಂದು 'ರೀ' ಹಚ್ಚುತ್ತೇವೆ. ಇಲ್ಲಿ ಮುದ್ದು ಮಾಡುವಾಗಲೂ ಗದರುತ್ತಾರೆ. 'ಬುಡು' ಅಂದರೆ ಬಿಡು; ಹೋಗಲಿ, ಇರಲಿ, ಸುಮ್ಮನಿರು, ಎಲ್ಲದಕ್ಕೂ ಅದೇ. ರೊಟ್ಟಿ ಬಡಿದು ತಿಂದ ಕೈಗೆ ರಾಗಿ ಮುದ್ದೆ ಬಂತು. ಅಗಿಯಬಾರದು, ನುಂಗಬೇಕು. ಮೊದಲ ಸಲ ಗಂಟಲಲ್ಲಿ ಸಿಕ್ಕಿ ಕಣ್ಣೀರು ಬಂದಾಗ ನಾನು ಕೆಲಸ ಮಾಡುವ ಆಸ್ಪತ್ರೆಯ ಆಯಾಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಅವರಿಗಿಂತ ಸಲೀಸಾಗಿ ನುಂಗುತ್ತೇನೆ. ನನ್ನ ಗೆಲುವುಗಳೆಲ್ಲ ಇಂಥವೇ.

ನಾನು ನರ್ಸು. ಮಕ್ಕಳು ಮರಿ ಇಲ್ಲದವಳು ಎಂದು ರಾತ್ರಿ ಪಾಳಿಯನ್ನೆಲ್ಲ ನನ್ನ ಕಡೆಗೇ ತಳ್ಳುತ್ತಾರೆ. ಹಾಗಾಗಿ ಊರೆಲ್ಲ ಎದ್ದು ಕೂಗಾಡುವ ಹೊತ್ತೇ ನಾನು ಮಲಗುವ ಹೊತ್ತು. ಒಂಟಿ ಹೆಂಗಸಿಗೆ ಮನೆ ಕೊಡುವವರು ಕಡಿಮೆ. "ಯಾವ ಜನ ನೀವು? ಗಂಡ ಎಲ್ಲಿ?" ಎಂದು ಮುಖಕ್ಕೇ ಕೇಳಿ ಬಾಗಿಲು ಹಾಕಿಕೊಂಡವರೇ ಹೆಚ್ಚು. ಕೊನೆಗೆ ಸಿಕ್ಕಿದ್ದು ಮಳವಳ್ಳಿ ರಸ್ತೆಯ ತಿರುವಿನಲ್ಲಿರುವ ಗೌಡರೊಬ್ಬರ ಹಳೇ ಮನೆ. ಗೌಡರ ತಾತ ಕಟ್ಟಿಸಿದ್ದು. ಹೆಂಚಿನ ಮಾಡು, ಮೊಳದಗಲದ ಮಣ್ಣಿನ ಗೋಡೆ, ಕಬ್ಬಿಣದ ಸರಳಿನ ತೇಗದ ಕಿಟಕಿಗಳು. ಸದ್ದು ತಡೆಯಲಾರದೆ ಗೌಡರ ಸಂಸಾರವೇ ಅದನ್ನು ಬಿಟ್ಟು ಹಿಂದಿನ ಬೀದಿಗೆ ಹೋಗಿತ್ತು. ಅದಕ್ಕೇ ನನಗೆ ಸಿಕ್ಕಿತು.

ಆ ಸದ್ದನ್ನು ನಿಮಗೆ ಹೇಗೆ ಹೇಳಲಿ? ಮಳವಳ್ಳಿ ಬಸ್ಸುಗಳು ತಿರುವಿನಲ್ಲಿ ಬಾರಿಸುವ ಹಾರನ್ ಒಂದು ಕಡೆ ಇರಲಿ. ಕಬ್ಬು ಅರೆಯುವ ಕಾಲ ಬಂತೆಂದರೆ ಟ್ರ್ಯಾಕ್ಟರುಗಳು ಒಂದರ ಹಿಂದೊಂದು, ಒಂದೊಂದಕ್ಕೂ ಎರಡು ಟ್ರೈಲರು, ಡ್ರೈವರ್ ಸೀಟಿನ ಪಕ್ಕ ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರು. ಹಾಡಿನ ಏಟಿಗೆ ನನ್ನ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ಬಾಗಿಲು ಮುಚ್ಚಿ, ತಲೆದಿಂಬು ಕಿವಿಗೊತ್ತಿ ಮಲಗಿ ನೋಡಿದೆ. ಪ್ರಯೋಜನವಾಗಲಿಲ್ಲ. ಒಂದು ರಾತ್ರಿ ವಾರ್ಡಿನಲ್ಲಿ ತಪ್ಪು ಔಷಧಿ ಕೈಗೆತ್ತಿಕೊಂಡೆ. ಪಕ್ಕದಲ್ಲಿದ್ದವಳು ಹಿಡಿದಳು, ಇಲ್ಲದಿದ್ದರೆ ಆ ರೋಗಿಯ ಗತಿ ಏನಾಗುತ್ತಿತ್ತೋ. "ನಿದ್ದೆಗಣ್ಣಲ್ಲಿ ಕೆಲ್ಸ ಮಾಡೋದಾದ್ರೆ ಕೆಲ್ಸ ಬುಟ್ಬುಡಿ ಸಿಸ್ಟರ್" ಎಂದು ನಮ್ಮ ಮೇಲಿನವರು ಎಲ್ಲರ ಎದುರಿಗೇ ಹೇಳಿದರು. ಹಗಲು ನಿದ್ದೆ ಸಿಗದಿದ್ದರೆ ನನಗೆ ಈ ಊರೂ ಇಲ್ಲ, ನೌಕರಿಯೂ ಇಲ್ಲ.

ಹೊರದೇಶದ ಹಳೇ ಮನೆಗಳಲ್ಲಿ ಇರುವ ಕಿಟಕಿಯನ್ನು ಮುಟ್ಟದೆ ಅದರ ಒಳಗೆ ಇನ್ನೊಂದು ಗಾಜಿನ ಕಿಟಕಿ ನಿಲ್ಲಿಸುತ್ತಾರೆಂದು ಜೊತೆಗಾತಿಯೊಬ್ಬಳು ಮೊಬೈಲಿನಲ್ಲಿ ತೋರಿಸಿದಳು. ಎರಡರ ನಡುವೆ ಗೇಣು ಜಾಗ ಬಿಟ್ಟರೆ ಸದ್ದು ಅಲ್ಲೇ ಸಾಯುತ್ತದಂತೆ. ಗೌಡರನ್ನು ಕೇಳಿದೆ. "ನಮ್ ತಾತನ ಕಿಟ್ಕಿಗೆ ಒಂದ್ ಮೊಳೆ ಬೀಳ್‌ಕೂಡ್ದು, ಅಷ್ಟೆಯಾ. ಮಿಕ್ಕಿದ್ದು ಏನಾರ ಮಾಡ್ಕೊ" ಎಂದರು. ಕಿರುಗಾವಲಿನಿಂದ ಬಂದ ಗಾಜಿನ ಕೆಲಸದ ಬಾಷಾ ಭಾಯಿ ಅಳತೆ ತೆಗೆಯುತ್ತಾ ನಕ್ಕರು. "ಕಳ್ಳರಿಗೆ ಸರಳು ಹಾಕಿಸ್ತಾರೆ ಸಿಸ್ಟರ್. ಸದ್ದಿಗೆ ಗಾಜು ಹಾಕಿಸೋರನ್ನ ನಾನು ನೋಡಿದ್ದು ನಿಮ್ಮನ್ನೇ."

ಗೋಡೆ ಅಷ್ಟು ದಪ್ಪವಿದ್ದದ್ದು ಒಳ್ಳೆಯದೇ ಆಯಿತು. ಒಳಗಡೆ ಅಲ್ಯೂಮಿನಿಯಂ ಚೌಕಟ್ಟು ನಿಂತಿತು, ದಪ್ಪ ಗಾಜು ಕೂತಿತು, ಅಂಚಿಗೆ ರಬ್ಬರು. ಕೊನೆಯ ಗಾಜು ಮುಚ್ಚಿದಾಗ ಊರೇ ಎಲ್ಲೋ ದೂರ ಹೋದ ಹಾಗಾಯಿತು. ಟ್ರ್ಯಾಕ್ಟರು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಆ ದಿನ ನಾನು ಅತ್ತುಬಿಟ್ಟೆ, ಅತ್ತು ಹಾಗೇ ಮಲಗಿಬಿಟ್ಟೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಸುಮ್ಮನಿರಲು ನನ್ನ ಬಾಯಿ ಕೇಳಬೇಕಲ್ಲ! ಗೌಡರ ಹೆಂಡತಿ ಜಯಮ್ಮನವರು ಒಂದು ಮಧ್ಯಾಹ್ನ ಸೊಪ್ಪು ಕೊಡಲು ಬಂದರು. ನಾನೇ ಕೈ ಹಿಡಿದು ಒಳಗೆ ಕರೆದು, ಮಂಚದ ಮೇಲೆ ಕೂರಿಸಿ, ಗಾಜು ಮುಚ್ಚಿ ತೋರಿಸಿದೆ. ಅವರು ಕಣ್ಣರಳಿಸಿ ಕೂತರು. "ಅಯ್ಯೋ ನನ್ನವ್ವಾ! ನನ್ ಉಸ್ರೇ ನಂಗ್ ಕೇಳ್ತದಲ್ಲಮ್ಮ!" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದೆ.

ವಾರ ಕಳೆದಿರಲಿಲ್ಲ, ಗೌಡರು ಬಂದು ಜಗುಲಿಯ ಮೇಲೆ ಕೂತರು. ಸುತ್ತಿ ಬಳಸಿ ಮಾತಾಡುವುದು ಇಲ್ಲಿಯವರಿಗೆ ಗೊತ್ತೇ ಇಲ್ಲ. "ಮನೆ ಬುಡ್ಬೇಕಲ್ಲಮ್ಮ. ನಮ್ ಮಗ್ಳು ಸೌಮ್ಯಂಗೆ ಏಳ್ ತಿಂಗ್ಳು. ಬಾಣಂತನ ನಮ್ಮಲ್ಲೇ ಅಲ್ವಾ? ಈ ಮನೆ ಈಗ ಸದ್ದಿಲ್ದೆ ತಣ್ಣಗದೆ, ಕೂಸು ಸುಖವಾಗಿ ಮಲಗ್ತದೆ ಅಂತಾಳೆ ನಮ್ಮೋಳು."

"ಗೌಡ್ರೇ, ಗಾಜು ಹಾಕ್ಸಿದ್ದು ನಾನಲ್ಲೇನ್ರೀ?"

"ನೀನೇ ಕಣಮ್ಮ, ನಾನ್ ಇಲ್ಲ ಅಂದ್ನಾ? ಬೇಕಾದ್ರೆ ಕಿತ್ಕಂಡೋಗು."

ಮೊದಲ ಹೆರಿಗೆಗೆ ಬಂದ ಮಗಳ ಎದುರು ಬಾಡಿಗೆಯವಳು ಯಾವ ನ್ಯಾಯ ಕೇಳುತ್ತಾಳೆ? ನಮ್ಮ ಕಡೆಯಾದರೂ ಅಷ್ಟೇ. ಗಾಜು ಕಿತ್ತರೆ ಹುಟ್ಟುವ ಕೂಸಿನ ನಿದ್ದೆ ಕಿತ್ತ ಪಾಪ ನನಗೇ. ಆ ಕಿಟಕಿಗಳ ಸೊಟ್ಟ ಅಳತೆಗೆ ಕತ್ತರಿಸಿದ ಗಾಜು ಬೇರೆ ಯಾವ ಮನೆಗೂ ಆಗುವುದಿಲ್ಲ. ಒಳಗೊಳಗೇ ಬಯ್ದುಕೊಳ್ಳುತ್ತಾ ಬಿಟ್ಟು ಬಂದೆ. ಸಿಕ್ಕಿದ ಹೊಸ ಮನೆ ಹಿಟ್ಟಿನ ಮಿಲ್ಲಿನ ಮೇಲೆ. ಬೆಳಿಗ್ಗೆ ಮಿಲ್ಲು ಶುರುವಾದರೆ ಮಂಚವೇ ರಾಗಿ ಬೀಸುತ್ತದೆ.

ರಜೆ ಹಾಕಿ ವಿಜಯಪುರಕ್ಕೆ ಹೋದೆ, ಅಲ್ಲಾದರೂ ಮಲಗೋಣವೆಂದು. ಅವ್ವನ ಮನೆ ಅಷ್ಟು ಶಾಂತ, ಹಲ್ಲಿ ಲೊಚಗುಟ್ಟಿದರೂ ಕೇಳುತ್ತದೆ. ಅಲ್ಲಿಯೂ ಕಣ್ಣು ಮುಚ್ಚಲಿಲ್ಲ. ಏನೋ ಕೇಳಬೇಕಿತ್ತು, ಕೇಳುತ್ತಿಲ್ಲ ಎಂದು ಕಿವಿ ಕಾಯುತ್ತಿತ್ತು. ಅವ್ವ ಎರಡನೇ ಸಲ ಊಟಕ್ಕೆ ಕರೆದಾಗ "ಬತ್ತೀನಿ ಬುಡವ್ವ!" ಎಂದು ಗದರಿಬಿಟ್ಟೆ. ಅವ್ವ ರೊಟ್ಟಿ ಕೈಯಲ್ಲೇ ಹಿಡಿದು ನಿಂತಳು. "ಯಾಕವಾ, ಪರರ ಗತೆ ಮಾತಾಡಾಕತ್ತೀದಿ?" ಎಂದಳು.

ಸೌಮ್ಯಳಿಗೆ ಹೆಣ್ಣು ಮಗುವಾಯಿತು. ನೋಡಲು ಅದೇ ಹಳೇ ಮನೆಗೆ ಹೋದೆ. ಜಗುಲಿ ಹತ್ತುವಾಗಲೇ ಕಿಟಕಿ ಬೇರೆಯಾಗಿ ಕಂಡಿತು. ಒಳಗೆ ಗಾಜಿರಲಿಲ್ಲ.

"ಗಾಜು ಎಲ್ಲಿ ಹೋಯ್ತಮ್ಮ?" ಎಂದೆ.

"ಅಯ್ಯೋ, ಅದ್ರ ಕತೆ ಬುಡಮ್ಮ" ಎಂದರು ಜಯಮ್ಮ. "ಕೂಸಿಗೆ ನೀರಾಕಿ ಸಾಂಬ್ರಾಣಿ ಹೊಗೆ ಹಾಕ್ತೀವಲ್ಲ, ಗಾಜು ಸರ್ಸಿದ್ರೂ ಹೊಗೆ ಹೋಗಾಕೆ ಜಾಗ ಸಾಲ್ದು. ಕೂಸು ಕೆಮ್ಕಂಡ್ ಕೆಮ್ಕಂಡ್ ಅತ್ತೋಯ್ತು. ಕಿತ್ತು ಹಿತ್ತಲಲ್ಲಿ ಕೋಳಿ ಗೂಡಿನ ಮೇಲ್ ಮಡಗಿವ್ನಿ."

ಮಂಚದ ಮೇಲೆ ಸೌಮ್ಯ ಮಲಗಿದ್ದಳು. ಬಾಣಂತಿಯಲ್ಲವೇ, ಎರಡೂ ಕಿವಿಗೆ ಹತ್ತಿ, ಮೇಲೆ ಬಿಗಿಯಾಗಿ ಸ್ಕಾರ್ಫು. ಅವಳಿಗೆ ನನ್ನ ಗಾಜು ಎಂದೂ ಬೇಕಿರಲಿಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಬಂತು, ಹಾಡು ಹಾಕಿಕೊಂಡು. ತಟ್ಟೆಗಳು ನಡುಗಿದವು. ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ.

"ನಿಂಗಿನ್ನೂ ರೂಢಿ ಆಗಿಲ್ವೇನಮ್ಮ? ನೋಡಿಲ್ಲಿ ನಮ್ ಗಿಣೀನ" ಎಂದು ನಗುತ್ತಾ ಜಯಮ್ಮ ತೊಟ್ಟಿಲ ಬಟ್ಟೆ ಸರಿಸಿದರು.

ಹುಟ್ಟಿ ತಿಂಗಳೂ ತುಂಬದ ಆ ಕೂಸು ಬಾಯಿ ತೆರೆದುಕೊಂಡು, ಮುಷ್ಟಿ ಸಡಿಲ ಬಿಟ್ಟು, ಗಾಢವಾಗಿ ಮಲಗಿತ್ತು. ಅದರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.