ನುಸಿ ನೋಡಲು ಬಂದವರಿಗೆ ಎಳನೀರು

ತೆಂಗಿಗೆ ನುಸಿ ರೋಗ ಬಂದ ವರ್ಷ, ಸರ್ಕಾರದ ಪರಿಹಾರಕ್ಕಾಗಿ ತೋಟ ನೋಡಲು ಅಧಿಕಾರಿಯೊಬ್ಬರು ಕಣಕಟ್ಟೆಯ ನಮ್ಮ ಮನೆಗೆ ಬಂದರು. ಬಂದವರಿಗೆ ಸುಕ್ಕುಬಿದ್ದ ಕಾಯಿ ಕೊಡುವುದು ಹೇಗೆ? ಅಪ್ಪ ತೋಟವೆಲ್ಲ ಹುಡುಕಿ, ಕಲೆಯಿಲ್ಲದ ಎಳನೀರು ಕೆತ್ತಿ ಕೊಟ್ಟರು.

ಜಗಲಿಯಲ್ಲೇ ಕೂತು ಕುಡಿದ ಅಧಿಕಾರಿ, "ಇಷ್ಟು ಚೆನ್ನಾಗಿದೆಯಲ್ರೀ ಯಜಮಾನ್ರೇ, ನುಸಿ ಎಲ್ಲಿ?" ಎಂದು ನಕ್ಕರು.

ಹಿತ್ತಲಲ್ಲಿ ರೋಗದ ಕಾಯಿಗಳ ರಾಶಿಯೇ ಇತ್ತು. ಬಂದವರ ಕಣ್ಣಿಗೆ ಬೀಳದಿರಲೆಂದು ಬೆಳಿಗ್ಗೆ ಅದಕ್ಕೆ ಸೋಗೆ ಮುಚ್ಚಿದ್ದು ಅಪ್ಪನೋ ನಾನೋ, ನೆನಪು ಒಂದೊಂದು ಸಲ ಒಂದೊಂದು ಹೇಳುತ್ತದೆ.

"ಹಿತ್ತಲು ತೋರಿಸ್ಲಾ?" ಎಂದೆ ಮೆಲ್ಲಗೆ.

"ಸುಮ್ಕಿರು ಕಣೇ, ಮಾನ ಹೋಯ್ತದೆ" ಎಂದರು ಅಪ್ಪ.

ಪರಿಹಾರ ಬರಲಿಲ್ಲ. ಯಾರಾದರೂ ಕೇಳಿದರೆ, ನಾವೇ ಬೇಡವೆಂದೆವು ಎನ್ನುತ್ತಿದ್ದೆವು.