ಮಾತಾಡದ ಬಾಣಂತಿ

ಅಂದು ಸೋಮವಾರ. ಡೇರಿಗೆ ಹಾಲು ಹಾಕಿ ಬಂದ ಗುರುಸಿದ್ದಯ್ಯ, ತಲೆಗೆ ಸುತ್ತಿದ ಟವಲನ್ನೂ ಬಿಚ್ಚದೆ ಬಾಣಂತಿ ಕೋಣೆಯ ಹೊಸಿಲ ಮೇಲೆ ಕೂತು, ನಾಲ್ಕು ತಿಂಗಳ ಮೊಮ್ಮಗನನ್ನು ತೊಡೆಗೆ ಹಾಕಿಕೊಂಡ.

"ಏನ್ಲಾ ಯಜಮಾನ, ಹಸ ಇವತ್ತು ಒದ್ಬುಡ್ತು ಕಣ್ಲಾ."

ಮಗು ಟವಲು ನೋಡಿ ಬೊಚ್ಚು ಬಾಯಿ ಬಿಟ್ಟು "ಊಂ" ಎಂದಿತು. ಒಳಗೆ ಮಗಳು ನಯನಾ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಹೆಂಡತಿ ಪುಟ್ಟಸಿದ್ದಮ್ಮನಿಗೆ ಮಗಳ ಮೇಲೆ ಹೆಮ್ಮೆ. ಬಾಣಂತಿ ಮಾತಾಡಿದರೆ ಮೈಗೆ ಗಾಳಿ ಸೇರುತ್ತದೆಂದು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಬಾಯಿ ಮುಚ್ಚಿಕೊಂಡಿರು ಎಂದಿದ್ದಳು. ಬೇರೆ ಮನೆಯ ಹುಡುಗಿಯರು ಮೂರನೇ ದಿನಕ್ಕೇ ಫೋನು ಹಿಡಿಯುತ್ತಿದ್ದರು. ನಯನಾ ನಾಲ್ಕು ತಿಂಗಳೂ ತುಟಿ ಬಿಚ್ಚಿರಲಿಲ್ಲ. ಮಗುವನ್ನು ಚೀಲ ಹಿಡಿದಂತೆ ಎದೆಗೆ ಹಿಡಿದು, ಸೂರು ನೋಡುತ್ತ ಹಾಲೂಡಿಸುತ್ತಿದ್ದಳು. ಆಶಾ ಕಾರ್ಯಕರ್ತೆ, "ನಿದ್ದೆ ಬತ್ತದಾ ನಯನಾ? ಸುಮ್ಸುಮ್ನೆ ಅಳು ಬತ್ತದಾ?" ಎಂದು ಕೇಳಿದಾಗಲೂ ಪುಟ್ಟಸಿದ್ದಮ್ಮನೇ ಉತ್ತರ ಕೊಟ್ಟಳು. "ಚೆಂದಾಗವ್ಳೆ ಕಣವ್ವ, ಬರ್ಕೊ."

"ಅವ್ಳು ಮಗೀನ್ ಮೊಕ ನೋಡಕಿಲ್ಲ ಕಣಮ್ಮಿ," ಎಂದ ಗುರುಸಿದ್ದಯ್ಯ. "ಇದೂ ಅವ್ಳ ಕಡೆ ತಿರುಗಕಿಲ್ಲ. ನಾಳೆ ಚಾಮ್ರಾಜ್ನಗರಕ್ಕೆ ಓಗನ, ಡಾಕ್ಟ್ರಿಗೆ ತೋರ್ಸನ."

"ಐದು ತಿಂಗ್ಳು ತುಂಬ್ದೆ ಬಾಣಂತಿ ಹೊಸ್ಲು ದಾಟ್ತಾಳಾ? ನೀನೆಷ್ಟು ಹೆತ್ತಿದ್ದೀಯಾ? ಹಸೀನ್ ತಾವ ಆಡೋ ಮಾತು, ಅಲ್ಲೇ ಓಗಿ ಆಡು."

ಅವನು ನಕ್ಕು ಕೊಟ್ಟಿಗೆ ಕಡೆ ನಡೆದ. ಮಾರನೆಯ ಬೆಳಿಗ್ಗೆ ಡೇರಿ ಮುಂದೆ ಕ್ಯಾನು ಇಳಿಸಿದವನು ಅಲ್ಲೇ ಕುಸಿದು ಸತ್ತ.

ಆ ಮನೆಯಲ್ಲಿ ಮಗುವನ್ನು ಮಾತಾಡಿಸುತ್ತಿದ್ದವನು ಅವನೊಬ್ಬನೇ. ಗಂಡ ಸತ್ತ ವರ್ಷ ಊರು ಬಿಡಬಾರದೆಂದು ಪುಟ್ಟಸಿದ್ದಮ್ಮ ಕದ ಹಾಕಿಕೊಂಡಳು. ತಿಂಗಳೊಳಗೆ ಮಗುವಿನ "ಊಂ" ನಿಂತಿತು. ಅಳುವುದೂ ಕಡಿಮೆಯಾಯಿತು. ಹಠವಿಲ್ಲದ ಕೂಸು ಎಂದುಕೊಂಡಳು. ಗುಂಡ್ಲುಪೇಟೆಯಿಂದ ಬಂದ ಅಳಿಯ ಮಲ್ಲೇಶ್ ಬಾಗಿಲಲ್ಲೇ ನಿಂತು, "ಗೊಂಬೆ ಕೂತಂಗೆ ಕೂತವ್ಳೆ, ಇವ್ಳ್ನ ನೀವೇ ಮಡಿಕ್ಕಳಿ," ಎಂದು ಹೋದ.

ಕೊನೆಗೆ ಡಾಕ್ಟರ ಬಳಿ ಹೋದಾಗ ಮಗುವಿಗೆ ಒಂದೂವರೆ ವರ್ಷ. ಒಂದು ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಕಿವಿ ಸರಿಯಿತ್ತು.

"ಹೆತ್ತ ಮೇಲೆ ಮನಸ್ಸಿಗೆ ಬರೋ ಕಾಯಿಲೆ ಇದು," ಎಂದರು ಡಾಕ್ಟರು, ನಯನಾಳನ್ನು ನೋಡಿ. "ತಾಯಿ ಮುಖ ನೋಡ್ತಾ, ಮಾತು ಕೇಳ್ತಾ ಮಗು ಕಲೀಬೇಕಿತ್ತು. ಆಗ್ಲೇ ಯಾಕೆ ಬರ್ಲಿಲ್ಲ? ಇನ್ನಾದ್ರೂ ದಿನಾ ಮಾತಾಡಿಸಿ."

ಬಸ್ಸಿನಲ್ಲಿ ಪುಟ್ಟಸಿದ್ದಮ್ಮ ಮಗಳ ಕೈ ಅಲುಗಿಸಿದಳು. "ಒಂದ್ ಮಾತು ಹೇಳ್ಬಾರ್ದಿತ್ತಾ ಕಣಮ್ಮಿ?"

"ಮಾತಾಡ್ಬ್ಯಾಡ ಅಂದೋಳು ನೀನೇಯ," ಎಂದಳು ನಯನಾ.

ಈಗ ನಯನಾ ಮಾತ್ರೆ ನುಂಗುತ್ತಾಳೆ. ಪುಟ್ಟಸಿದ್ದಮ್ಮ ದಿನಾ ಬೆಳಿಗ್ಗೆ ಹಾಲು ಹಾಕಿ ಬಂದು, ಗಂಡನ ಟವಲನ್ನು ತಲೆಗೆ ಸುತ್ತಿ ಹೊಸಿಲ ಮೇಲೆ ಕೂರುತ್ತಾಳೆ. ಮಗುವನ್ನು ತೊಡೆಗೆ ಹಾಕಿಕೊಳ್ಳುತ್ತಾಳೆ.

"ಏನ್ಲಾ ಯಜಮಾನ, ಹಸ ಇವತ್ತು ಒದ್ಬುಡ್ತು ಕಣ್ಲಾ."

ಮಗು ಗೋಡೆ ನೋಡುತ್ತದೆ. ಅವಳು ಮತ್ತೆ ಮೊದಲಿಂದ ಹೇಳುತ್ತಾಳೆ.